ಪರಮಾಣುಬೀಜದ ಮಹಡಿಗಳು

ಪರಮಾಣುವಿನ ಎಲೆಕ್ಟ್ರಾನುಗಳು ನಿಯತವಾದ ಶಕ್ತಿಮಟ್ಟಗಳಲ್ಲಿ ಮಾತ್ರ ಇರಬಲ್ಲವೆಂಬುದನ್ನು ವಾಚಕರು ಬಲ್ಲರು. ನಡುವಿನ ಬೀಜದಲ್ಲಿಯೂ ಇಂತಹ ಮಟ್ಟಗಳುಂಟೆ? ಅಲ್ಲಿ ಪ್ರೋಟಾನುಗಳೂ ನ್ಯೂಟ್ರಾನುಗಳೂ ಪ್ರಬಲವಾದ ಆಕರ್ಷಣೆಯಿಂದ ಒತ್ತೊತ್ತಾಗಿ ಸೇರಿಕೊಂಡಿವೆ. ಅಂತಹ ಸಂದಣಿಯಲ್ಲಿ ಒಂದೊಂದು ಕಣಕ್ಕೂ ತನ್ನದೇ ಆದ ಕಕ್ಷೆ ಇರಬಲ್ಲುದೆ ಎಂಬ ಸಂಶಯ ಸಹಜವಾದುದು. ಇರಬಲ್ಲುದೆಂದು 1949ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಅವರೂ, ಅವರಿಂದ ಪ್ರತ್ಯೇಕವಾಗಿ ಹಾನ್ಸ್ ಯೆನ್ಸೆನ್ ಮತ್ತು ಸಂಗಡಿಗರೂ ವಾದಿಸಿ, ಕಕ್ಷೆಗಳ ಕ್ರಮವನ್ನು ಸೂಚಿಸಿದರು. ಈ ಕವಚ ಸಿದ್ಧಾಂತವನ್ನು ಒರೆಗೆ ಹಚ್ಚಲು ಒದಗಿದ ಉಪಾಯಗಳಲ್ಲಿ ವರ್ಗಾವಣೆ ಕ್ರಿಯೆಯು ಮುಖ್ಯವಾದುದು.

ಭಾರಜಲದಲ್ಲಿರುವ ಜಲಜನಕದ ಬೀಜವೇ ಡ್ಯೂಟರಾನು. ಒಂದು ಪ್ರೋಟಾನು, ಒಂದು ನ್ಯೂಟ್ರಾನು ಸಡಿಲವಾಗಿ ಕೂಡಿ ಅದು ಆಗಿದೆ. ವೇಗವಾಗಿ ಸಾಗುವ ಡ್ಯೂಟರಾನು ಇನ್ನೊಂದು ಬೀಜದ ಅಂಚನ್ನು ಸವರಿ ಹೋಗುವಾಗ ನ್ಯೂಟ್ರಾನು ಅಲ್ಲಿಯೇ ಉಳಿದು, ಪ್ರೋಟಾನು ಮುಂದಕ್ಕೆ ನಡೆಯಬಹುದು. ಜೊತೆಗಾರನನ್ನು ಮನೆಯೊಳಗೆ ಬಿಟ್ಟು ಹೊರಟವನನ್ನು ಕಂಡು, ಒಳಗಿರುವವನು ಯಾವ ಮಹಡಿಯಲ್ಲಿರುವನೆಂದು ಊಹಿಸಬೇಕಾಗಿದೆ.

8 ಪ್ರೋಟಾನು, 8 ನ್ಯೂಟ್ರಾನುಗಳುಳ್ಳ ಆಮ್ಲಜನಕ-16ನ್ನು ತೆಗೆದುಕೊಳ್ಳೋಣ. ಇದರ ಕವಚಗಳು ಭರ್ತಿಯಾಗಿವೆ. ಒಂಬತ್ತನೆಯ ನ್ಯೂಟ್ರಾನು ಬಂದು ಸೇರಿದರೆ ಆಮ್ಲಜನಕ-17 ಆಗುತ್ತದೆ. ಆ ನ್ಯೂಟ್ರಾನು ಅತಿ ಕೆಳಗಿನ ಮಟ್ಟದಲ್ಲಿ ನೆಲಸಿದರೆ 4.14 ದಶಲಕ್ಷ ಎಲೆಕ್ಟ್ರಾನು ವೋಲ್ಟು ಶಕ್ತಿ ಬಿಡುಗಡೆಯಾಗುತ್ತದೆ. ಡ್ಯೂಟರಾನನ್ನು ಬಿಡಿಸಲು ತಗಲುವ 2.22ನ್ನು ಕಳೆದರೆ ಉಳಿತಾಯ 1.92. ಹೊರಬಂದ ಪ್ರೋಟಾನುಗಳನ್ನು ಅಳೆದರೆ ಕೆಲವಕ್ಕೆ ಈ ಉಳಿತಾಯವೂ, ಇನ್ನು ಕೆಲವಕ್ಕೆ ಕೇವಲ 1.05 ಉಳಿತಾಯವೂ ದೊರೆತಿರುವುದು ಕಾಣುತ್ತದೆ. ಕೊರತೆಯಾದ 0.87 ಎಲ್ಲಿ ಹೋಯಿತು? ನ್ಯೂಟ್ರಾನು ಅಷ್ಟು ಎತ್ತರದ ಮಟ್ಟದಲ್ಲಿ ನಿಂತಿತು. ಹೀಗೆ ಲೆಕ್ಕದ ಕೊರತೆಯೇ ಮಹಡಿಯ ಎತ್ತರವನ್ನು ತಿಳಿಸುತ್ತದೆ.

ಎತ್ತರ ತಿಳಿದರೆ ಕಕ್ಷೆ ತಿಳಿದಂತಾಗಲಿಲ್ಲ. ಅದಕ್ಕೆ ಪ್ರೋಟಾನು ಹೋದ ದಿಕ್ಕನ್ನು ವಿಚಾರಿಸಬೇಕು. ಸುತ್ತುವ ಕಕ್ಷೆಯನ್ನು ಸೇರುವ ನ್ಯೂಟ್ರಾನು ಕೋನ ಸಂವೇಗವನ್ನು ಹೊತ್ತು ತರಬೇಕು. ಅದನ್ನು ಒದಗಿಸಬೇಕಾದರೆ ಪ್ರೋಟಾನು ತನ್ನ ದಾರಿಯಿಂದ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಕೋನ ಸಂವೇಗವಿಲ್ಲದ ಕಕ್ಷೆಯಾದರೆ ಪ್ರೋಟಾನುಗಳು ನೇರವಾದ ದಿಕ್ಕಿನಲ್ಲಿಯೇ ಅಧಿಕವಾಗಿರುತ್ತವೆ. ಈ ನಿಯಮವನ್ನು 1950ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಆಸ್ಟ್ರೇಲಿಯದ ಸ್ಟುವರ್ಟ್ ಬಟ್ಲರ್ ಗಣಿತದಿಂದ ನಿರೂಪಿಸಿದರು. ಅದೇ ವರ್ಷ ಲಿವರ್‌ಪೂಲಿನಲ್ಲಿ ಬರೋಸ್, ಗಿಬ್ಸನ್, ರಾಟ್‌ಬ್ಲಾಟ್ ಎಂಬವರು ಆಮ್ಲಜನಕದಿಂದ ಹೊರಟ ಪ್ರೋಟಾನುಗಳನ್ನು ಕೋನಕೋನಕ್ಕೂ ಎಣಿಸಿದ್ದರು. ಕೆಳಮಟ್ಟಕ್ಕೆ ಸಂಬಂಧಿಸಿದ ಪ್ರೋಟಾನುಗಳು ಪಕ್ಕಕ್ಕೆ ಸರಿದಿದ್ದವು: ಕೋನ ಸಂವೇಗ 2 ಮಾನ. ಮೇಲಿನ ಮಟ್ಟದವು ನೇರವಾಗಿದ್ದವು: ಕೋನ ಸಂವೇಗ ಸೊನ್ನೆ. ಕವಚ ಸಿದ್ಧಾಂತವು ಒಂಬತ್ತನೆಯ ನ್ಯೂಟ್ರಾನಿಗೆ ಸೂಚಿಸಿದ್ದ ಕ್ರಮವೂ ಇದೇ. ಸಂದಣಿಯಲ್ಲಿಯೂ ಕಕ್ಷೆಗಳುಂಟೆಂಬ ಮಾತಿಗೆ ದೃಢವಾದ ಸಾಕ್ಷ್ಯ ದೊರೆಯಿತು. ಮೇಯರ್ ಮತ್ತು ಯೆನ್ಸೆನ್ 1963ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಈ ವಿಧಾನ ಇಂದಿಗೂ ಹಳತಾಗಿಲ್ಲ. ತವರ-132ರ ಬೀಜಗಳಲ್ಲಿ ಅರ್ಧದಷ್ಟು ಸುಮಾರು 40 ಸೆಕೆಂಡುಗಳಲ್ಲಿ ಕ್ಷಯಿಸಿಬಿಡುತ್ತವೆ. ಅದರಿಂದ ಗುರಿಹಲಗೆಯನ್ನು ಮಾಡುವಂತಿಲ್ಲ. ಆದುದರಿಂದ ಅಮೆರಿಕದ ಓಕ್ ರಿಜ್‌ನಲ್ಲಿ ಪಾತ್ರಗಳನ್ನು ಅದಲುಬದಲು ಮಾಡಿದರು: ತವರದ ಬೀಜಗಳನ್ನೇ ವೇಗವಾಗಿ ಹಾರಿಸಿ, ಡ್ಯೂಟರಾನುಗಳನ್ನು ಗುರಿಯಾಗಿಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶವು, 50 ಪ್ರೋಟಾನು ಮತ್ತು 82 ನ್ಯೂಟ್ರಾನುಗಳ ಆ ಬೀಜದಲ್ಲಿ ಕವಚಗಳು ಭರ್ತಿಯಾಗಿವೆಯೆಂಬುದನ್ನು ದೃಢಪಡಿಸಿತು. ಕ್ಷಣಿಕವಾದ ಬೀಜದ ಒಳರಚನೆಯನ್ನೂ ನಾವು ಅರಿಯಬಲ್ಲೆವು. ಹೊರಟುಹೋಗುವ ಪ್ರೋಟಾನಿನ ಶಕ್ತಿ ಮತ್ತು ದಿಕ್ಕುಗಳನ್ನು ಅಳೆದರೆ ಸಾಕು.