ಗೆಲ್ಲುವಾಗ ಎದುರಾಳಿಯ ನಡೆ ಎಣಿಸು

ಮಗೂ, ನಿನ್ನ ಬಳಿ ಮಂತ್ರಿ ಉಳಿದಿದೆ, ಎದುರಾಳಿಗೆ ಬರೀ ರಾಜ. ಇನ್ನೇನು ಗೆದ್ದೆ ಅಂದುಕೊಳ್ಳುವ ಆ ಹೊತ್ತಿನಲ್ಲೇ ಅರ್ಧ ಅಂಕ ಕೈತಪ್ಪುವುದು. ಸರದಿ ಅವನದು, ರಾಜನಿಗೆ ಚೆಕ್ ಇಲ್ಲ, ಆದರೆ ಅವನ ಯಾವ ಕಾಯಿಗೂ ನಿಯಮದ ಪ್ರಕಾರ ಒಂದು ನಡೆಯೂ ಇಲ್ಲ ಎಂದರೆ ಅದು ಸ್ಟೇಲ್‌ಮೇಟ್. ಆಟ ಡ್ರಾ.

ಇದೆಂಥ ಅನ್ಯಾಯ ಅನ್ನಬೇಡ. ಚೆಸ್‌ನ ಹಳೆಯ ರೂಪವಾದ ಅರಬ್ಬರ ಶತ್ರಂಜ್‌ನಲ್ಲಿ ಹೀಗೆ ಕಟ್ಟಿಹಾಕಿದವನಿಗೇ ಗೆಲುವಿತ್ತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅದಕ್ಕೆ ತದ್ವಿರುದ್ಧ, ಕಟ್ಟಿಹಾಕಿದವನೇ ಸೋತಂತೆ! ಡ್ರಾ ಎಂಬ ನಿಯಮ ಎಲ್ಲೆಡೆ ನೆಲೆಯೂರಿದ್ದು 19ನೇ ಶತಮಾನದಲ್ಲಿ. ನನಗೆ ಇದೇ ಸರಿ ಅನ್ನಿಸುತ್ತದೆ. ಇದಿಲ್ಲದಿದ್ದರೆ ಒಂದು ಪದಾತಿ ಹೆಚ್ಚಿದ್ದವನು ಅಂತ್ಯದಾಟವನ್ನು ಹೆಚ್ಚು ಯೋಚಿಸದೆಯೇ ಗೆದ್ದುಬಿಡುತ್ತಿದ್ದ. ಸೋಲುವವನಿಗೂ ತಲೆ ಓಡಿಸಲು ಜಾಗ ಉಳಿದಿರುವುದು ಈ ನಿಯಮದಿಂದಲೇ.

1963-64ರ ಅಮೆರಿಕದ ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಲ್ಯಾರಿ ಎವಾನ್ಸ್ ಆಡಿದ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡು. ಎದುರಿಗಿದ್ದದ್ದು ನುರಿತ ಆಟಗಾರ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ, ಆಟ ಪೂರ್ತಿ ಅವರ ಕೈಯಲ್ಲಿತ್ತು. ಎವಾನ್ಸ್‌ರ ರಾಜ ಮೂಲೆಯಲ್ಲಿ, ಪದಾತಿಗಳಿಗೆ ಮುಂದೆ ದಾರಿಯಿಲ್ಲ. ರೆಶೆವ್‌ಸ್ಕಿ ಮಂತ್ರಿಯಿಂದ ಇನ್ನೊಂದು ಪದಾತಿ ತಿಂದರು. ತಕ್ಷಣ ಎವಾನ್ಸ್ ತಮ್ಮ ಮಂತ್ರಿಯನ್ನೇ ಚೆಕ್ ಕೊಟ್ಟು ಬಲಿಯಿಟ್ಟರು, ಹಿಂದೆಯೇ ಆನೆಯನ್ನೂ ಚೆಕ್ ಕೊಟ್ಟು ಮುಂದಿಟ್ಟರು. ಆನೆಯನ್ನು ಯಾವುದರಿಂದ ತಿಂದರೂ ಸ್ಟೇಲ್‌ಮೇಟ್, ತಿನ್ನದಿದ್ದರೆ ಅದು ಚೆಕ್ ಕೊಡುತ್ತಲೇ ಇರುತ್ತದೆ. ಡ್ರಾ. ರೆಶೆವ್‌ಸ್ಕಿಯಂಥವರೇ ಆ ಗಳಿಗೆಯಲ್ಲಿ ಎವಾನ್ಸ್‌ಗೆ ಉಳಿದಿದ್ದ ನಡೆಗಳನ್ನು ಎಣಿಸಲು ಮರೆತರು.

ಹಾಗಾಗಿ ಸೋಲುತ್ತಿದ್ದೇನೆ ಅನ್ನಿಸಿದಾಗ ಬೇಗ ಕೈಚೆಲ್ಲಬೇಡ. ನಿನ್ನ ಪದಾತಿಗಳು ದಾರಿಯಿಲ್ಲದೆ ನಿಂತಿವೆಯೇ, ರಾಜನಿಗೆ ಜಾಗ ಇಲ್ಲವೇ ಎಂದು ನೋಡು. ಗೆಲ್ಲುತ್ತಿರುವಾಗ ಅದೇ ಲೆಕ್ಕವನ್ನು ಅವನ ಕಡೆಯಿಂದ ಮಾಡು.

ಒಂಟಿ ರಾಜನನ್ನು ಮಂತ್ರಿಯಿಂದ ಹಿಡಿಯುವಾಗ ಆತುರ ಬೇಡ. ಅವನು ಎ8 ಮೂಲೆಯಲ್ಲಿದ್ದಾಗ ಮಂತ್ರಿಯನ್ನು ಬಿ6ರಲ್ಲಿಟ್ಟರೂ ಸಿ7ರಲ್ಲಿಟ್ಟರೂ ಆಟ ಕೆಟ್ಟಿತು. ಮೂಲೆಯ ರಾಜನಿಂದ ಒಂದು ಕುದುರೆ ನೆಗೆತದ ದೂರದಲ್ಲಿ ಮಂತ್ರಿ ನಿಲ್ಲಬಾರದು. ಡಿ7ರಲ್ಲಿ ನಿಲ್ಲಿಸು. ಅವನ ರಾಜ ಎ8, ಬಿ8 ಎಂದು ಓಡಾಡಿಕೊಂಡಿರಲಿ. ಅಷ್ಟರಲ್ಲಿ ನಿನ್ನ ರಾಜನನ್ನು ಬಿ6ರವರೆಗೆ ನಡೆಸಿಕೊಂಡು ಬಾ, ಆಮೇಲೆ ಮಂತ್ರಿ ಬಿ7ಕ್ಕೆ. ಅವನು ಆ ಎರಡು ಮನೆಗಳಲ್ಲಿ ಯಾವುದರಲ್ಲಿದ್ದರೂ ಮೇಟ್.