ಗಣಕಯಂತ್ರದ ಫ್ಯಾನಿನ ಸದ್ದು: ದುರಸ್ತಿ ಮತ್ತು ಲೆಕ್ಕ

ನಮ್ಮ ಅಂಗಡಿ, ಕಾರ್ಖಾನೆಗಳ ಲೆಕ್ಕಪತ್ರಗಳೆಲ್ಲವೂ ಇಂದು ಗಣಕಯಂತ್ರದಲ್ಲಿವೆ. ಯಂತ್ರದ ಹಿಂಬದಿಯಿಂದ ಗೊರಗೊರ ಸದ್ದು ಬಂದರೆ ಪೆಟ್ಟಿಗೆಗೆ ಒಂದು ಏಟು ಕೊಟ್ಟು ಸುಮ್ಮನಾಗುವುದು ನಮ್ಮಲ್ಲಿ ಅನೇಕರ ರೂಢಿ. ನಾನೂ ಹಾಗೆಯೇ ಮಾಡಿದ್ದೆ. ರಿಟರ್ನ್ ಸಲ್ಲಿಸುವ ಕೊನೆಯ ವಾರದಲ್ಲಿ ಫ್ಯಾನು ನಿಂತುಹೋಗಿ, ಯಂತ್ರವು ಬಿಸಿಯೇರಿ ಕೆಲಸದ ನಡುವೆಯೇ ಆರಿಹೋಯಿತು. ಎರಡು ದಿನಗಳ ನಮೂದುಗಳನ್ನು ಮತ್ತೊಮ್ಮೆ ಮಾಡಬೇಕಾಯಿತು.

ಪವರ್ ಸಪ್ಲೈ ಎಂಬ ಲೋಹದ ಪೆಟ್ಟಿಗೆಯು 230 ವೋಲ್ಟಿನ ಎ.ಸಿ. ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟಿನ ಡಿ.ಸಿ.ಗೆ ಪರಿವರ್ತಿಸುತ್ತದೆ. ಆಗ ಉಂಟಾಗುವ ಶಾಖವನ್ನು ಫ್ಯಾನು ಹೊರಹಾಕುತ್ತದೆ. ಧೂಳು ತುಂಬಿದಾಗ ಅಥವಾ ಬೇರಿಂಗಿನ ಎಣ್ಣೆ ಒಣಗಿದಾಗ ಸದ್ದು ಆರಂಭವಾಗುತ್ತದೆ. ಪ್ರೊಸೆಸರಿಗೂ ಕ್ಯಾಬಿನೆಟ್ಟಿಗೂ ಪ್ರತ್ಯೇಕ ಫ್ಯಾನುಗಳಿರುವುದರಿಂದ ಸದ್ದಿನ ಮೂಲವನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಅಗತ್ಯ. ಪ್ಲಗ್ ತೆಗೆದ ಬಳಿಕವೂ ಪವರ್ ಸಪ್ಲೈಯೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಉಳಿದಿರಬಹುದು. ಅಂಗಡಿಯ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಅದನ್ನು ಬಿಚ್ಚಿಸುವುದು ಪ್ರಾಣಾಪಾಯಕ್ಕೆ ಆಹ್ವಾನ. ಅನುಭವಿ ತಂತ್ರಜ್ಞರಿಂದಲೇ ಈ ಕೆಲಸ ಮಾಡಿಸತಕ್ಕದ್ದು. ವಾರಂಟಿ ಅವಧಿ ಉಳಿದಿದ್ದರೆ ಪೆಟ್ಟಿಗೆಯನ್ನು ತೆರೆಯದೆ ಮಾರಾಟಗಾರರಿಗೆ ಒಪ್ಪಿಸುವುದು ಲೇಸು.

ಹೊಸ ಫ್ಯಾನು ಅಳತೆಯಲ್ಲಿ ಹಳೆಯದರಂತೆಯೇ ಇರಬೇಕು. ಸಾಮಾನ್ಯವಾಗಿ ಇದು 80 ಅಥವಾ 120 ಮಿ.ಮೀ. ಇರುತ್ತದೆ. ದಪ್ಪ, ವೋಲ್ಟೇಜು ಹಾಗೂ ಗಾಳಿ ಬೀಸುವ ದಿಕ್ಕು ಹೊಂದಬೇಕು. ಸದ್ದು ಕಡಿಮೆಯೆಂಬ ಕಾರಣಕ್ಕೆ ತೀರ ನಿಧಾನವಾಗಿ ತಿರುಗುವ ಫ್ಯಾನನ್ನು ಹಾಕಿಸಿದರೆ ಶಾಖವು ಒಳಗೇ ಉಳಿಯುತ್ತದೆ. ಕೆಪಾಸಿಟರ್ ಉಬ್ಬಿದ್ದರೆ ಅಥವಾ ಸುಟ್ಟ ವಾಸನೆ ಇದ್ದರೆ ಇಡೀ ಪವರ್ ಸಪ್ಲೈಯನ್ನೇ ಬದಲಿಸುವುದು ಕ್ಷೇಮ.

ಇನ್ನು ಲೆಕ್ಕದ ವಿಷಯ. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡಲು ಮಾಡಿದ ವೆಚ್ಚವೇ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ಪಡೆಯಲು ಮಾಡಿದ ವೆಚ್ಚ ಹಾಗಲ್ಲ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಎತ್ತಿಹಿಡಿದ ತತ್ತ್ವವಿದು. ಇದರಂತೆ ಫ್ಯಾನಿನ ವೆಚ್ಚವನ್ನು ದುರಸ್ತಿ ಮತ್ತು ನಿರ್ವಹಣೆ ಖಾತೆಗೆ ಖರ್ಚು ಹಾಕಬಹುದು. ಸದ್ದಿಗೆ ಬೇಸತ್ತು ಹೊಸ ಗಣಕಯಂತ್ರವನ್ನೇ ಕೊಂಡರೆ ಅದು ಬಂಡವಾಳ ವೆಚ್ಚವಾಗಿ, ವರ್ಷವರ್ಷವೂ ಸವಕಳಿಯ ರೂಪದಲ್ಲಿ ಮಾತ್ರ ಕಳೆಯಲು ದೊರೆಯುತ್ತದೆ. ತಂತ್ರಜ್ಞರಿಂದ ಬಿಲ್ಲು ಪಡೆಯಲು ಮರೆಯಬಾರದು. ಬಿಲ್ಲಿಲ್ಲದ ಖರ್ಚನ್ನು ತೆರಿಗೆ ಅಧಿಕಾರಿಗಳ ಮುಂದೆ ಸಮರ್ಥಿಸುವುದು ಕಷ್ಟ.

ಸದಸ್ಯರಲ್ಲಿ ಕೊನೆಯದಾಗಿ ಒಂದು ವಿನಂತಿ: ಸದ್ದು ಕೇಳಿದ ದಿನವೇ ಲೆಕ್ಕಪತ್ರಗಳ ಬ್ಯಾಕಪ್ ತೆಗೆದು ಬೇರೆಡೆ ಇರಿಸಿರಿ. ಬಳಿಕ ತಂತ್ರಜ್ಞರನ್ನು ಕರೆಸಿರಿ. ಫ್ಯಾನು ಯಾವ ಪೇಟೆಯಲ್ಲಿಯೂ ದೊರೆತೀತು. ಕಳೆದುಹೋದ ಲೆಕ್ಕ ದೊರೆಯದು.