ನೂರು ಕಾಸಿನ ಹಿತ್ತಾಳೆ ನಾಣ್ಯ

ಮಹಮ್ಮದ್ ಬಿನ್ ತುಘಲಕನ ಹಿತ್ತಾಳೆ, ತಾಮ್ರದ ನಾಣ್ಯಗಳ ಕಥೆಯನ್ನು ನಾವೆಲ್ಲರೂ ಇತಿಹಾಸದ ತರಗತಿಯಲ್ಲಿ ಕೇಳಿದ್ದೇವೆ. ಹದಿನಾಲ್ಕನೆಯ ಶತಮಾನದ ದೊರೆಯೊಬ್ಬನ ಹುಚ್ಚಾಟವೆಂದು ನಾನೂ ನಕ್ಕವನೇ. ಆದರೆ ಪರಿಚಿತರೊಬ್ಬರ ಸಂಗ್ರಹದಲ್ಲಿ ಕಂಡ ಚೀನೀ ನಾಣ್ಯವೊಂದು ನನ್ನ ಅಭಿಪ್ರಾಯವನ್ನು ಬದಲಿಸಿತು.

ಅದು ಸುಮಾರು 5 ಸೆಂಟಿಮೀಟರ್ ಅಗಲದ, ನಡುವೆ ಚೌಕ ರಂಧ್ರವುಳ್ಳ ಹಿತ್ತಾಳೆಯ ಬಿಲ್ಲೆ. ಚೀನೀಯರು ಇಂಥ ನಾಣ್ಯವನ್ನು ಟಂಕಿಸುತ್ತಿರಲಿಲ್ಲ. ಮಾದರಿ ನಾಣ್ಯವನ್ನು ಮರಳಿನಲ್ಲಿ ಒತ್ತಿ, ಆ ಅಚ್ಚಿಗೆ ಕರಗಿದ ಲೋಹವನ್ನು ಎರಕ ಹೊಯ್ಯುತ್ತಿದ್ದರು. ಮುಂಭಾಗದಲ್ಲಿ ಷಿಯೆನ್‌ಫೆಂಗ್ ಚಕ್ರವರ್ತಿಯ (1850–1861) ಆಳ್ವಿಕೆಯ ಹೆಸರು. ಹಿಂಭಾಗದಲ್ಲಿ ‘ನೂರಕ್ಕೆ ಸಮ’ ಎಂಬ ಬರಹ, ಮಂಚು ಲಿಪಿಯಲ್ಲಿ ಟಂಕಸಾಲೆಯ ಗುರುತು.

ಚೀನದ ಸಾಮಾನ್ಯ ನಾಣ್ಯವನ್ನು ಇಂಗ್ಲಿಷರು ‘ಕ್ಯಾಶ್’ ಎಂದು ಕರೆದರು. ಆ ಮಾತು ನಮ್ಮ ದ್ರಾವಿಡ ಭಾಷೆಗಳ ‘ಕಾಸಿ’ನಿಂದಲೇ ಹೋದದ್ದು. ಆದುದರಿಂದ ನಾನೂ ಕಾಸೆಂದೇ ಬರೆಯುತ್ತೇನೆ.

ಚೀನದಲ್ಲಿ ಇಂಥ ದೊಡ್ಡ ನಾಣ್ಯ ಏಕೆ ಬೇಕಾಯಿತು? 1853ರಲ್ಲಿ ತೈಪಿಂಗ್ ದಂಗೆಕೋರರು ನಾನ್‌ಜಿಂಗ್ ನಗರವನ್ನು ಹಿಡಿದರು. ಯುನ್ನಾನ್ ಪ್ರಾಂತದ ತಾಮ್ರ ಬೀಜಿಂಗಿಗೆ ಬರುವ ದಾರಿ ಕಡಿದುಹೋಯಿತು. ಯುದ್ಧದ ಖರ್ಚು ಬೆಳೆಯಿತು, ಬೊಕ್ಕಸ ಬರಿದಾಯಿತು. ಆಗ ಸರ್ಕಾರ ಇದ್ದ ಲೋಹದಲ್ಲೇ 10, 50, 100, 500, 1000 ಕಾಸಿನ ನಾಣ್ಯಗಳನ್ನು ಹೊರಡಿಸಿತು.

ಇಲ್ಲೊಂದು ಸಣ್ಣ ಲೆಕ್ಕ. ಸಾಮಾನ್ಯ ಕಾಸಿನ ನಿಗದಿಯಾದ ತೂಕ ಸುಮಾರು 4.5 ಗ್ರಾಂ, ನೂರು ಕಾಸಿನ ನಾಣ್ಯದ್ದು ಸುಮಾರು 52 ಗ್ರಾಂ. ಎಂದರೆ ಹನ್ನೆರಡು ಕಾಸುಗಳನ್ನು ಕರಗಿಸಿದರೆ ನೂರು ಕಾಸಿನ ಒಂದು ನಾಣ್ಯ ಸಿದ್ಧ! ಸರ್ಕಾರಕ್ಕೆ ತಿಳಿದ ಈ ಲೆಕ್ಕ ಕಳ್ಳನಾಣ್ಯದವರಿಗೆ ತಿಳಿಯದೆ ಇದ್ದೀತೆ? ಕಳ್ಳ ಎರಕ ಎಲ್ಲೆಡೆ ಹಬ್ಬಿತು. ಒಳ್ಳೆಯ ಸಣ್ಣ ಕಾಸುಗಳು ಮೂಸೆಗೆ ಬಿದ್ದು ಮಾಯವಾದವು, ಪದಾರ್ಥಗಳ ಬೆಲೆ ಏರಿತು.

ಇದನ್ನು ಮೊದಲೇ ಕಂಡು ಹೇಳಿದವನು ಹಣಕಾಸಿನ ಅಧಿಕಾರಿ ವಾಂಗ್ ಮಾವ್‌ಯಿನ್. ಸರ್ಕಾರ ನಾಣ್ಯಕ್ಕೆ ಬೆಲೆ ಕಟ್ಟಬಲ್ಲದೇ ಹೊರತು ಅಂಗಡಿಯ ಸರಕಿನ ಬೆಲೆಯನ್ನು ಕಟ್ಟಿಹಾಕಲಾರದೆಂಬುದು ಅವನ ವಾದ. ಕಾಗದದ ಹಣವನ್ನು ಬೆಳ್ಳಿಗೋ ಕಾಸಿಗೋ ಬದಲಿಸಿಕೊಡಬೇಕೆಂದೂ ಆತ ಸೂಚಿಸಿದ. ಅವನಿಗೆ ದೊರೆತದ್ದು ಚಕ್ರವರ್ತಿಯ ಛೀಮಾರಿ, ಬೇರೆ ಇಲಾಖೆಗೆ ವರ್ಗ. ಕಾರ್ಲ್ ಮಾರ್ಕ್ಸ್ ತನ್ನ ‘ಬಂಡವಾಳ’ ಗ್ರಂಥದ ಅಡಿಟಿಪ್ಪಣಿಯೊಂದರಲ್ಲಿ ಹೆಸರಿಸಿರುವ ಚೀನೀಯನು ಇವನೇ.

ಅವನ ಮಾತು ನಿಜವಾಗಲು ಬಹುಕಾಲ ಬೇಕಾಗಲಿಲ್ಲ. 500, 1000 ಕಾಸಿನ ನಾಣ್ಯಗಳು 1854ರಲ್ಲಿಯೇ ನಿಂತವು. 50, 100ರವೂ ಬೇಗನೆ ಅವುಗಳ ಹಾದಿ ಹಿಡಿದವು. ಹತ್ತು ಕಾಸಿನದು ಮಾತ್ರ ಬೀಜಿಂಗಿನಲ್ಲಿ ಉಳಿಯಿತು, ಅದೂ ಎರಡು ಕಾಸಿನ ಬೆಲೆಗೆ ಇಳಿದು.

ನಮ್ಮ ಜೇಬಿನ ನೋಟಿನ ಕಾಗದಕ್ಕೂ ಅಷ್ಟು ಬೆಲೆಯಿಲ್ಲವಲ್ಲ ಎಂದು ಮಿತ್ರರು ಕೇಳಬಹುದು. ನಿಜ. ಲೋಹ ಕಡಮೆಯಾದುದೊಂದೇ ದೋಷವಲ್ಲ; ಖರ್ಚಿಗೆ ಬೇಕಾದಷ್ಟು ಹಣವನ್ನು ಮಿತಿಯಿಲ್ಲದೆ ಎರಕ ಹೊಯ್ದು, ಜನರ ನಂಬಿಕೆಯನ್ನು ಕಳೆದುಕೊಂಡುದೇ ದೊಡ್ಡ ದೋಷ. ತುಘಲಕನ ಕಾಲದಿಂದ ಐನೂರು ವರ್ಷ ಕಳೆದ ಮೇಲೂ ಅದೇ ತಪ್ಪು ಮತ್ತೆ ನಡೆಯಿತೆಂಬುದನ್ನು ನೆನೆದರೆ, ಈಗ ನನಗೆ ನಗು ಬರುವುದಿಲ್ಲ.